ಬ್ಲ್ಯಾಕ್‌ಪೂಲಿನ ಬರಿದು ಆಸನಗಳು

ರೈಲ್ವೆಯ ಸೀಸನ್ ಟಿಕೀಟನ್ನು ನಮ್ಮ ಪಟ್ಟಣವಾಸಿಗಳು ಚೆನ್ನಾಗಿ ಬಲ್ಲರು. ಹಣವನ್ನು ಮುಂಗಡವಾಗಿ ಕಟ್ಟಿ ದಿನವೂ ಅದೇ ಗಾಡಿಯಲ್ಲಿ ಕಚೇರಿಗೆ ಹೋಗಿಬರುವ ಗುಮಾಸ್ತರಿಗೆ ಅದು ನಾಲ್ಕು ಕಾಸು ಉಳಿಸುವ ಸಾಧನವೇ ಹೊರತು ಅಭಿಮಾನದ ವಸ್ತುವಲ್ಲ. ಅವಧಿ ಮುಗಿದಾಗ ಅದನ್ನು ಹೊಸದು ಮಾಡಿಸಬೇಕೆ, ಬೇಡವೆ ಎಂದು ಯಾರೂ ನಿದ್ದೆಗೆಟ್ಟು ಯೋಚಿಸಿದಂತಿಲ್ಲ. ಇದೇ ಹೆಸರಿನ ಇನ್ನೊಂದು ಟಿಕೀಟು ಇಂಗ್ಲೆಂಡಿನಲ್ಲಿ ಉಂಟು. ಕಾಲ್ಚೆಂಡಿನ ಕ್ಲಬ್ಬುಗಳು ತಮ್ಮ ಅಭಿಮಾನಿಗಳಿಗೆ ವರ್ಷಕ್ಕೊಮ್ಮೆ ಮಾರುವ ಆ ಟಿಕೀಟಿನ ವಿಷಯವಾಗಿ ಗಂಡಹೆಂಡಿರಲ್ಲಿ ಮಾತು ಬೆಳೆಯುವುದುಂಟು, ತಂದೆಮಕ್ಕಳಲ್ಲಿ ಮಾತು ನಿಲ್ಲುವುದೂ ಉಂಟು. ಲ್ಯಾಂಕಶಾಯರ್ ಪ್ರಾಂತದ ಕಡಲತೀರದ ಪಟ್ಟಣವಾದ ಬ್ಲ್ಯಾಕ್‌ಪೂಲಿನಲ್ಲಿ ೨೦೧೫ರಿಂದ ೨೦೧೯ರ ವರೆಗೆ ಈ ಒಂದು ಪ್ರಶ್ನೆ ಊರನ್ನೇ ಎರಡಾಗಿ ಒಡೆದಿದ್ದಿತು. ಜನರ ಪ್ರೀತಿಯಿಂದ ಬೆಳೆದ ಸಂಸ್ಥೆಯೊಂದು ಕಾನೂನಿನ ಕಣ್ಣಿನಲ್ಲಿ ಒಬ್ಬನ ಸ್ವತ್ತಾಗಿದ್ದು, ಆ ಒಡೆಯನ ನಡತೆ ಸಹಿಸತಕ್ಕದ್ದಲ್ಲವೆಂದು ತೋರಿದಾಗ ಸಾಮಾನ್ಯನ ಕೈಯಲ್ಲಿರುವ ಸಾಧನವಾವುದು ಎಂಬುದು ಅಲ್ಲಿನ ವಿಚಾರವಾದುದರಿಂದ, ಚೆಂಡಾಟದಲ್ಲಿ ಆಸಕ್ತಿಯಿಲ್ಲದ ವಾಚಕರೂ ಆ ವೃತ್ತಾಂತವನ್ನು ಅರಿಯುವುದು ಉಚಿತ.

ಮೊದಲು ಆ ಟಿಕೀಟಿನ ಸ್ವರೂಪವನ್ನು ಹೇಳಬೇಕು. ಇಂಗ್ಲೆಂಡಿನ ವೃತ್ತಿಪರ ಕಾಲ್ಚೆಂಡು ನಾಲ್ಕು ದರ್ಜೆಗಳಾಗಿ ವಿಂಗಡವಾಗಿದೆ. ಮೇಲಿನ ದರ್ಜೆಯಾದ ಪ್ರೀಮಿಯರ್ ಲೀಗಿನಲ್ಲಿ ೨೦ ಕ್ಲಬ್ಬುಗಳು. ಕೆಳಗಿನ ಮೂರರಲ್ಲಿ ತಲಾ ೨೪. ಕೆಳಗಿನ ದರ್ಜೆಯ ತಂಡವೊಂದು ಆಗಸ್ಟಿನಿಂದ ಮೇ ತಿಂಗಳ ವರೆಗೆ ೪೬ ಲೀಗ್ ಪಂದ್ಯಗಳನ್ನು ಆಡುವುದು. ಅವುಗಳಲ್ಲಿ ೨೩ ತನ್ನೂರಿನ ಮೈದಾನದಲ್ಲಿ. ಈ ೨೩ ಪಂದ್ಯಗಳಿಗೂ ಒಂದೇ ಆಸನವನ್ನು ಕಾದಿರಿಸಿಕೊಡುವುದೇ ಸೀಸನ್ ಟಿಕೀಟು. ಆಟವಿಲ್ಲದ ಬೇಸಗೆಯ ತಿಂಗಳುಗಳಲ್ಲಿ ಬಾಗಿಲ ಹಣ ಬಾರದು; ಆದರೆ ಆಟಗಾರರ ಸಂಬಳ ನಿಲ್ಲದು. ಆ ತಿಂಗಳುಗಳನ್ನು ಸಣ್ಣ ಕ್ಲಬ್ಬುಗಳು ದಾಟುವುದು ಬಹುಮಟ್ಟಿಗೆ ಈ ಟಿಕೀಟಿನ ಹಣದಿಂದ. ಇದನ್ನು ಅಭಿಮಾನಿಯು ತನ್ನ ಕ್ಲಬ್ಬಿಗೆ ಬಡ್ಡಿಯಿಲ್ಲದೆ ಕೊಡುವ ಕೈಸಾಲವೆಂದು ಕರೆದರೆ ತಪ್ಪಾಗಲಾರದು. ಮುಂದಿನ ತಂಡ ಯಾವುದು, ಅದನ್ನು ತಿದ್ದುವವನು ಯಾರು ಎಂಬುದು ತಿಳಿಯುವ ಮೊದಲೇ ಅವನು ಹಣ ಕಟ್ಟುವನು. ಗೊತ್ತಾದ ದಿನದೊಳಗೆ ಕಟ್ಟದಿದ್ದರೆ ಇಪ್ಪತ್ತು ವರ್ಷ ಕುಳಿತ ಆಸನ ಬೇರೆಯವರ ಪಾಲಾಗುವುದು. ಆಸನದೊಡನೆ ನೆರೆಹೊರೆಯೂ ಹೋಗುವುದು. ಎಡಗಡೆಯ ಮುದುಕ, ಹಿಂದಿನ ಸಾಲಿನ ಗಟ್ಟಿದನಿಯವ, ಮುಂದಿನ ಸಾಲಿನಲ್ಲಿ ಕಣ್ಣೆದುರಿಗೆ ಬೆಳೆದ ಹುಡುಗ, ಇವರೆಲ್ಲರ ಪರಿಚಯವೂ ಆ ತುಂಡು ಕಾಗದದೊಡನೆ ಹೊಂದಿಕೊಂಡಿದೆ.

ಬ್ಲ್ಯಾಕ್‌ಪೂಲ್ ಶ್ರೀಮಂತರ ಊರಲ್ಲ. ಲ್ಯಾಂಕಶಾಯರಿನ ಹತ್ತಿಯ ಗಿರಣಿಗಳು ವರ್ಷಕ್ಕೊಂದು ವಾರ ಊರೂರಿನ ಸರದಿಯಂತೆ ಬಾಗಿಲು ಮುಚ್ಚುತ್ತಿದ್ದ ಕಾಲದಲ್ಲಿ ಕೂಲಿಕಾರರು ಸಂಸಾರಸಮೇತ ಗಾಳಿ ಸೇವಿಸಲು ಬರುತ್ತಿದ್ದ ಊರು ಅದು. ಕಾಲ್ಚೆಂಡೂ ಅದೇ ಜನರ ಸೊತ್ತು. ೧೮೫೦ರ ಫ್ಯಾಕ್ಟರಿ ಕಾಯಿದೆಯು ಹೆಂಗಸರಿಗೂ ಹುಡುಗರಿಗೂ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಕೆಲಸ ನಿಲ್ಲಬೇಕೆಂದು ವಿಧಿಸಿತು; ಅವರು ನಿಂತರೆ ಯಂತ್ರವೂ ನಿಲ್ಲುವುದು, ಗಂಡಸರಿಗೂ ಬಿಡುವಾಗುವುದು. ಆ ಬಿಡುವನ್ನು ಕಾಲಾಂತರದಲ್ಲಿ ಚೆಂಡಾಟ ತುಂಬಿತು. ೧೮೮೮ರಲ್ಲಿ ಇಂಗ್ಲಿಷ್ ಲೀಗು ಹುಟ್ಟಿದಾಗ ಅದರ ಹನ್ನೆರಡು ಕ್ಲಬ್ಬುಗಳಲ್ಲಿ ಆರು ಲ್ಯಾಂಕಶಾಯರಿನವು. ಬ್ಲ್ಯಾಕ್‌ಪೂಲಿನ ಕ್ಲಬ್ಬು ಹುಟ್ಟಿದುದು ಅದಕ್ಕಿಂತ ಒಂದು ವರ್ಷ ಮೊದಲು.

ಈ ಲ್ಯಾಂಕಶಾಯರೆಂಬ ಹೆಸರು ನಮ್ಮ ಜನಕ್ಕೆ ಹೊಸದಲ್ಲ. ನಮ್ಮ ನೇಕಾರನ ಮಗ್ಗವನ್ನು ಮೂಲೆಗೆ ತಳ್ಳಿದ ಬಟ್ಟೆ ಅಲ್ಲಿಂದಲೇ ಬಂದಿತು. ನಾವು ಹೋಳಿ ಮಾಡಿ ಸುಟ್ಟುದೂ ಅದೇ ಬಟ್ಟೆಯನ್ನು. ೧೯೩೧ರ ಸೆಪ್ಟೆಂಬರಿನಲ್ಲಿ, ದುಂಡುಮೇಜಿನ ಪರಿಷತ್ತಿಗೆಂದು ಹೋಗಿದ್ದ ಮಹಾತ್ಮರು, ಬಹಿಷ್ಕಾರದಿಂದ ಕೆಲಸ ಕಳೆದುಕೊಂಡ ಗಿರಣಿ ಕೂಲಿಕಾರರನ್ನು ಕಾಣಲು ಆ ಪ್ರಾಂತದ ಡಾರ್ವೆನ್ ಪಟ್ಟಣಕ್ಕೆ ತಾವಾಗಿ ಹೋದರು. ಆ ಕೂಲಿಕಾರರು ಅವರನ್ನು ಆದರದಿಂದ ಕಂಡರೆಂಬುದು ಇತಿಹಾಸಪ್ರಸಿದ್ಧ. ಕೊಳ್ಳಲೊಲ್ಲೆನೆಂಬ ಒಂದು ಮಾತಿಗೆ ಎಷ್ಟು ಬಲವಿದೆಯೆಂಬುದನ್ನೂ, ಅದರ ಪೆಟ್ಟು ಯಜಮಾನನಿಗೆ ತಗಲುವ ಮುಂಚೆ ಬಡವನಿಗೆ ತಗಲುವುದೆಂಬುದನ್ನೂ ಆ ಸೀಮೆ ಹೀಗೆ ನಮ್ಮಿಂದಲೇ ಅನುಭವಿಸಿದ್ದಿತು. ಎಂಬತ್ತು ವರ್ಷಗಳು ಕಳೆದ ಮೇಲೆ ಅದೇ ಅಸ್ತ್ರವನ್ನು ಅಲ್ಲಿಯ ಜನ ತಮ್ಮದೇ ಊರಿನ ಕ್ಲಬ್ಬಿನ ಮೇಲೆ ಪ್ರಯೋಗಿಸಬೇಕಾಗಿ ಬಂದಿತು.

ಆ ಕ್ಲಬ್ಬಿನ ಕೀರ್ತಿಯ ದಿನ ೧೯೫೩ನೆಯ ಇಸವಿಯ ಮೇ ೨. ವೆಂಬ್ಲಿಯಲ್ಲಿ ನಡೆದ ಎಫ್.ಎ. ಕಪ್ಪಿನ ಅಂತಿಮ ಪಂದ್ಯದಲ್ಲಿ ಬೋಲ್ಟನ್ನಿನ ಎದುರು ೩-೧ರಿಂದ ಹಿಂದೆ ಬಿದ್ದಿದ್ದ ಬ್ಲ್ಯಾಕ್‌ಪೂಲ್, ಕೊನೆಗೆ ೪-೩ರಿಂದ ಗೆದ್ದಿತು. ಮೂರು ಗೋಲು ಹೊಡೆದವನು ಸ್ಟ್ಯಾನ್ ಮಾರ್ಟೆನ್‌ಸೆನ್. ಆದರೆ ಪಂದ್ಯಕ್ಕೆ ಹೆಸರು ಬಂದುದು ೩೮ ವಯಸ್ಸಿನ ಸ್ಟ್ಯಾನ್ಲಿ ಮ್ಯಾಥ್ಯೂಸನದು. ಜಗತ್ತಿನ ನ್ಯಾಯವೇ ಹಾಗೆ! ಅನಂತರ ಜಿಮ್ಮಿ ಆರ್ಮ್‌ಫೀಲ್ಡ್ ಬಂದನು. ೧೯೫೪ರಿಂದ ೧೯೭೧ರ ವರೆಗೆ ೬೨೭ ಪಂದ್ಯಗಳನ್ನು ಈ ಒಂದೇ ಕ್ಲಬ್ಬಿಗಾಗಿ ಆಡಿದನು; ಇಂಗ್ಲೆಂಡಿನ ನಾಯಕನೂ ಆದನು. ಆಮೇಲೆ ಕ್ಲಬ್ಬು ದರ್ಜೆ ದರ್ಜೆಯಾಗಿ ಇಳಿಯಿತು. ೧೯೮೦ರ ದಶಕದ ಕೊನೆಗೆ ಅದು ಓವೆನ್ ಆಯ್ಸ್ಟನ್ ಎಂಬ ಧನಿಕನ ಕೈ ಸೇರಿತು. ೧೯೯೯ರಿಂದ ಅವನ ಮಗ ಕಾರ್ಲ್ ಆಯ್ಸ್ಟನ್ ಅಧ್ಯಕ್ಷನಾದನು. ೨೦೦೬ರಲ್ಲಿ ಲಾಟ್ವಿಯ ದೇಶದ ಬ್ಯಾಂಕರ್ ವಲೇರಿ ಬೆಲೊಕೊನ್ ಐದರಲ್ಲಿ ಒಂದು ಪಾಲನ್ನು ಕೊಂಡು ಹಣ ತೊಡಗಿಸಿದನು.

೨೦೧೦ನೆಯ ಇಸವಿ ಮೇ ೨೨ರಂದು, ವೆಂಬ್ಲಿಯಲ್ಲಿ ಎಂಬತ್ತೆರಡು ಸಾವಿರ ಜನರೆದುರಿಗೆ, ಬ್ಲ್ಯಾಕ್‌ಪೂಲ್ ಕಾರ್ಡಿಫನ್ನು ೩-೨ರಿಂದ ಸೋಲಿಸಿ ಪ್ರೀಮಿಯರ್ ಲೀಗನ್ನು ಸೇರಿತು. ಆ ಲೀಗಿಗೆ ದೂರದರ್ಶನದ ಹಕ್ಕಿನಿಂದ ಹರಿದುಬರುವ ಹಣಕ್ಕೆ ಮಿತಿಯಿಲ್ಲ. ಊರಿನವರು ಕನಸು ಕಂಡರು. ಸರಿಯಾಗಿ ಒಂದು ವರ್ಷಕ್ಕೆ, ೨೦೧೧ರ ಮೇ ೨೨ರಂದು, ೩೯ ಅಂಕಗಳನ್ನು ಗಳಿಸಿಯೂ ತಂಡ ಕೆಳಗಿಳಿಯಿತು. ಇಷ್ಟರ ವರೆಗೆ ಯಾರೂ ಯಾರನ್ನೂ ದೂರುವಂತಿರಲಿಲ್ಲ. ಏರಿದವರು ಇಳಿಯುವುದು ಆಟದ ಧರ್ಮ.

ಆದರೆ ಲೆಕ್ಕಪತ್ರಗಳು ಹೊರಬಿದ್ದಾಗ ತಿಳಿದುದು ಬೇರೆ. ಆ ಒಂದು ಋತುವಿನಲ್ಲಿ ಓವೆನ್ ಆಯ್ಸ್ಟನ್ ನಿರ್ದೇಶಕನಾಗಿ ಮಾಡಿದ ಸೇವೆಗೆಂದು ಅವನದೇ ಕಂಪನಿಗೆ ಕ್ಲಬ್ಬಿನಿಂದ ೧ ಕೋಟಿ ೧೦ ಲಕ್ಷ ಪೌಂಡು ಸಂದಿದ್ದಿತು. ಇತ್ತ ತಂಡ ಸೊರಗಿತು. ೨೦೧೪ರ ಬೇಸಗೆಯಲ್ಲಿ, ಋತು ಹತ್ತಿರ ಬರುತ್ತಿದ್ದರೂ, ಒಂದು ತಂಡಕ್ಕೆ ಬೇಕಾದ ಹನ್ನೊಂದು ಆಟಗಾರರೂ ಕ್ಲಬ್ಬಿನ ಕರಾರಿನಲ್ಲಿರಲಿಲ್ಲ. ಆ ವರ್ಷ ೪೬ ಪಂದ್ಯಗಳಲ್ಲಿ ಗೆದ್ದುದು ನಾಲ್ಕು. ಅಭಿಮಾನಿಯೊಬ್ಬನಿಗೆ ಹೀನಾಯವಾದ ಸಂದೇಶಗಳನ್ನು ಬರೆದುದಕ್ಕಾಗಿ ಅಧ್ಯಕ್ಷನಿಗೆ ಫುಟ್‌ಬಾಲ್ ಸಂಘವು ೨೦೧೫ರಲ್ಲಿ ಆರು ವಾರಗಳ ನಿಷೇಧವನ್ನೂ ೪೦,೦೦೦ ಪೌಂಡು ದಂಡವನ್ನೂ ವಿಧಿಸಿತು. ಮಾಲೀಕರ ಪಕ್ಷದಲ್ಲಿಯೂ ಹೇಳತಕ್ಕ ಮಾತಿದೆ: ಅವರು ಕ್ಲಬ್ಬನ್ನು ಕಷ್ಟಕಾಲದಲ್ಲಿ ಕೈಹಿಡಿದವರು, ಇತರ ಎಷ್ಟೋ ಕ್ಲಬ್ಬುಗಳಂತೆ ಸಾಲಮಾಡಿ ದುಂದುಗಾರಿಕೆ ನಡೆಸಲಿಲ್ಲ. ಮಿತವ್ಯಯ ಸದ್ಗುಣವೇ. ಆದರೆ ಮಿತವ್ಯಯವು ಆಟಗಾರನ ಸಂಬಳಕ್ಕೆ ಮಾತ್ರ ಅನ್ವಯಿಸಿ, ಮಾಲೀಕನ ಕಂಪನಿಗೆ ಅನ್ವಯಿಸದೆ ಹೋದರೆ ಅದನ್ನು ಆ ಹೆಸರಿನಿಂದ ಕರೆಯುವುದು ಕಷ್ಟ.

೨೦೧೫ರ ಮೇ ೨ರಂದು, ಮ್ಯಾಥ್ಯೂಸನ ಆ ಪಂದ್ಯ ನಡೆದು ಸರಿಯಾಗಿ ೬೨ ವರ್ಷಗಳಾದ ದಿನ, ಹಡರ್ಸ್‌ಫೀಲ್ಡಿನೊಡನೆ ನಡೆಯುತ್ತಿದ್ದ ಪಂದ್ಯದ ದ್ವಿತೀಯಾರ್ಧದ ಮೊದಲಲ್ಲಿಯೇ ಜನ ಮೈದಾನಕ್ಕೆ ನುಗ್ಗಿ ಕುಳಿತುಬಿಟ್ಟರು. ಪಂದ್ಯ ಮತ್ತೆ ನಡೆಯಲಿಲ್ಲ. ಆ ಹೊತ್ತಿಗೆ ಕ್ಲಬ್ಬು ಮೂರನೆಯ ದರ್ಜೆಗೆ ಬಿದ್ದಾಗಿತ್ತು. ಮರುವರ್ಷ ನಾಲ್ಕನೆಯದಕ್ಕೆ ಬಿದ್ದಿತು. ಮೈದಾನಕ್ಕೆ ನುಗ್ಗುವುದು ಒಂದು ದಿನದ ಆವೇಶ. ಅದರ ಹಿಂದೆಯೇ ಬಂದುದು ಹೆಚ್ಚು ಶಾಂತವೂ ಹೆಚ್ಚು ಕಠಿನವೂ ಆದ ನಿರ್ಧಾರ: ಈ ಮಾಲೀಕರಿರುವ ವರೆಗೆ ಇವರಿಗೆ ಇನ್ನೊಂದು ಪೆನ್ನಿಯೂ ಇಲ್ಲ. ಇದೇ ಚಳವಳಿಯ ಹೆಸರೂ ಆಯಿತು. ಸೀಸನ್ ಟಿಕೀಟನ್ನು ಹೊಸದು ಮಾಡಿಸಕೂಡದು, ಬಿಡಿ ಟಿಕೀಟನ್ನೂ ಕೊಳ್ಳಕೂಡದು, ಕ್ಲಬ್ಬಿನ ಅಂಗಡಿಯಲ್ಲಿ ಮಗುವಿಗೊಂದು ಕಿತ್ತಳೆ ಬಣ್ಣದ ಅಂಗಿಯನ್ನೂ ಕೊಳ್ಳಕೂಡದು.

ಇಲ್ಲಿ ನಮಗೆ ಒಂದು ಸಂಗತಿ ವಿಶೇಷವಾಗಿ ಕಾಣುತ್ತದೆ. ೨೦೦೨ರಲ್ಲಿ ವಿಂಬಲ್‌ಡನ್ ಕ್ಲಬ್ಬನ್ನು ಬೇರೊಂದು ಊರಿಗೆ ಒಯ್ಯಲು ಅಪ್ಪಣೆಯಾದಾಗ ಅದರ ಅಭಿಮಾನಿಗಳು ತಮ್ಮದೇ ಹೊಸ ಕ್ಲಬ್ಬನ್ನು ಕಟ್ಟಿದರು. ೨೦೦೫ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಅಮೆರಿಕದ ಗ್ಲೇಜರ್ ಮನೆತನದ ಕೈಸೇರಿದಾಗಲೂ ಅಲ್ಲಿಯ ಕೆಲವರು ಹಾಗೆಯೇ ಮಾಡಿದರು. ಹೊಸಮನೆ ಕಟ್ಟಿದವನಿಗೆ ಶನಿವಾರ ಹೋಗಲೊಂದು ಜಾಗವಾದರೂ ಉಂಟು. ಬ್ಲ್ಯಾಕ್‌ಪೂಲಿನವರ ಚಳವಳಿ ಆ ದಾರಿಯನ್ನು ಹಿಡಿಯಲಿಲ್ಲ. ತಮ್ಮ ಮನೆಯ ಹೊರಗೆ ನಿಂತು, ಅದು ತಮ್ಮದೇ ಎಂದು ಸಾಧಿಸುತ್ತ, ಒಳಗೆ ಕಾಲಿಡದೆ ನಾಲ್ಕು ವರ್ಷ ಕಾದರು. ಪಂದ್ಯದ ದಿನಗಳಲ್ಲಿ ಮೈದಾನದ ಹೊರಗೆ ಕೂಡಿ, ಒಳಗಿನ ಕೂಗನ್ನು ಕೇಳಿ, ಮನೆಗೆ ಹಿಂದಿರುಗಿದವರುಂಟು. ಬೇರೆ ಊರಿನ ಪಂದ್ಯಗಳಿಗೆ ಮಾತ್ರ ಹೋಗುತ್ತಿದ್ದವರು ಅನೇಕರು. ಲೀಗ್ ಪಂದ್ಯದ ಬಾಗಿಲ ಹಣವು ಆ ಊರಿನ ಕ್ಲಬ್ಬಿಗೇ ಸಲ್ಲುವುದರಿಂದ, ಅಲ್ಲಿ ಆಟವನ್ನು ನೋಡಿಯೂ ವ್ರತಭಂಗವಾಗುತ್ತಿರಲಿಲ್ಲ. ಕಪ್ ಪಂದ್ಯಗಳಲ್ಲಿ ಹಣವನ್ನು ಎರಡು ಕ್ಲಬ್ಬುಗಳೂ ಹಂಚಿಕೊಳ್ಳುವುದರಿಂದ ಆ ಸವಲತ್ತೂ ಇರಲಿಲ್ಲ. ಏಕಾದಶಿಯ ದಿನ ಅಕ್ಕಿ ಕೂಡದು, ಅವಲಕ್ಕಿ ಆಗಬಹುದು ಎಂಬ ನಮ್ಮ ಮನೆಗಳ ಧರ್ಮಸೂಕ್ಷ್ಮವನ್ನು ನೆನಪಿಗೆ ತರುವ ವಿಚಾರವಿದು. ಆದರೂ ಇದರಲ್ಲಿ ನಗುವಂತಹುದು ಸ್ವಲ್ಪವೇ.

ಎಲ್ಲರೂ ಟಿಕೀಟು ಬಿಡಲಿಲ್ಲ. ಬಿಡದವರ ವಾದವೂ ತೆಗೆದುಹಾಕತಕ್ಕದ್ದಲ್ಲ. ಮಾಲೀಕರು ಇಂದಿದ್ದು ನಾಳೆ ಹೋಗುವವರು, ಕ್ಲಬ್ಬು ಉಳಿಯತಕ್ಕದ್ದು. ಬರಿದಾದ ಮೈದಾನದಲ್ಲಿ ಆಡುವ ಹತ್ತೊಂಬತ್ತು ವರ್ಷದ ಹುಡುಗನು ಮಾಡಿದ ಅಪರಾಧವೇನು? ಮೈದಾನದ ಸುತ್ತಣ ತಿಂಡಿಯಂಗಡಿಯವನು ಮಾಡಿದುದೇನು? ಎಂಬತ್ತು ವರ್ಷದ ಮುದುಕನಿಗೆ ನಾಲ್ಕು ವರ್ಷದ ಗಡುವನ್ನು ಹೇಳುವ ಅಧಿಕಾರ ಯಾರಿಗಿದೆ? ಜಿಮ್ಮಿ ಆರ್ಮ್‌ಫೀಲ್ಡನೇ ೨೦೧೮ರ ಜನವರಿಯಲ್ಲಿ, ಅವನ ಊರಿನ ಜನ ಇನ್ನೂ ಮೈದಾನದ ಹೊರಗಿರುವಾಗಲೇ ತೀರಿಕೊಂಡನು. ಮಕ್ಕಳ ವಿಷಯವಾದರೋ ಇನ್ನೂ ಕಠಿನ. ಏಳು ವರ್ಷದ ಹುಡುಗನನ್ನು ಹನ್ನೊಂದರ ವರೆಗೆ ಮೈದಾನದಿಂದ ದೂರವಿಟ್ಟರೆ ಅವನು ದೂರದರ್ಶನದಲ್ಲಿ ಕಾಣುವ ದೊಡ್ಡ ಕ್ಲಬ್ಬೊಂದನ್ನು ತನ್ನದೆಂದು ಆರಿಸಿಕೊಳ್ಳುವನು. ತಾತನಿಂದ ಬಂದ ಅಭಿಮಾನದ ಸರಪಳಿ ಅಲ್ಲಿಗೆ ಕಳಚುವುದು. ಟಿಕೀಟು ಬಿಟ್ಟವನು ಇದನ್ನೆಲ್ಲ ಬಲ್ಲವನಾಗಿಯೇ ಬಿಟ್ಟನು. ಅವನ ಉತ್ತರ ಒಂದೇ: ನಾನು ಕೊಡುವ ಹಣ ತಂಡಕ್ಕೆ ಹೋಗುವುದೆಂದು ತೋರಿಸಿರಿ, ಈಗಲೇ ಕೊಡುವೆನು.

ಬಿಟ್ಟವರು ಬಿಡದವರನ್ನು ಕರೆದ ಹೆಸರುಗಳು ಇಲ್ಲಿ ಬರೆಯತಕ್ಕವಲ್ಲ. ನಮ್ಮ ಅಭಿಪ್ರಾಯದಲ್ಲಿ ಚಳವಳಿಯ ದುರ್ಬಲ ಭಾಗ ಇದೇ. ಬಹಿಷ್ಕಾರವು ಒಬ್ಬೊಬ್ಬನ ಆತ್ಮಸಾಕ್ಷಿಯಿಂದ ಹೊರಟಾಗ ಅದಕ್ಕೆ ಇರುವ ತೇಜಸ್ಸು, ನೆರೆಯವನನ್ನು ಹೆದರಿಸಿ ನಿಲ್ಲಿಸಿದಾಗ ಇರಲಾರದು. ಉತ್ತರ ಕನ್ನಡದ ಸಿದ್ದಾಪುರ, ಅಂಕೋಲೆಗಳ ರೈತರು ಕರನಿರಾಕರಣೆಯಲ್ಲಿ ಜಮೀನನ್ನೇ ಕಳೆದುಕೊಂಡ ಕಥೆಯನ್ನು ಬಲ್ಲ ನಾವು ಒಂದು ಆಸನದ ತ್ಯಾಗವನ್ನು ಅದರ ಸಮಕ್ಕೆ ನಿಲ್ಲಿಸಲಾರೆವು. ಹಾಗೆ ಮಾಡಿದರೆ ಎರಡಕ್ಕೂ ಅನ್ಯಾಯ. ಆದರೂ ವಾರವೆಲ್ಲ ದುಡಿದವನಿಗೆ ಇರುವ ಒಂದೇ ಶನಿವಾರವನ್ನು ಅವನು ತಾನಾಗಿ ಬಿಟ್ಟುಕೊಟ್ಟನೆಂದರೆ ಅದು ಅಲ್ಪವಲ್ಲ.

೨೦೧೪-೧೫ರಲ್ಲಿ ಪಂದ್ಯವೊಂದಕ್ಕೆ ಸರಾಸರಿ ಹನ್ನೊಂದು ಸಾವಿರದ ಹತ್ತಿರ ಇದ್ದ ಪ್ರೇಕ್ಷಕರ ಸಂಖ್ಯೆ ಎರಡು ವರ್ಷಗಳಲ್ಲಿ ಸುಮಾರು ಮೂರೂವರೆ ಸಾವಿರಕ್ಕೆ ಇಳಿಯಿತು. ಆಗ ನಡೆದುದು ವಿಧಿಯ ಪರಿಹಾಸ. ೨೦೧೭ರ ಮೇ ೨೮ರಂದು ಬ್ಲ್ಯಾಕ್‌ಪೂಲ್ ವೆಂಬ್ಲಿಯಲ್ಲಿ ಎಕ್ಸೆಟರನ್ನು ೨-೧ರಿಂದ ಸೋಲಿಸಿ ಮೂರನೆಯ ದರ್ಜೆಗೆ ಮೇಲೇರಿತು! ತೊಂಬತ್ತು ಸಾವಿರ ಜನ ಹಿಡಿಸುವ ಆ ಕ್ರೀಡಾಂಗಣದಲ್ಲಿ ಅಂದು ಇದ್ದವರು ಇಪ್ಪತ್ತಮೂರು ಸಾವಿರದ ಮೇಲೆ ಕೆಲವರು. ಅವರಲ್ಲಿಯೂ ಹೆಚ್ಚಿನವರು ಎಕ್ಸೆಟರಿನವರು. ಏಳು ವರ್ಷದ ಕೆಳಗೆ ಅದೇ ಕ್ರೀಡಾಂಗಣದ ಒಂದು ಪಾರ್ಶ್ವವನ್ನು ಕಿತ್ತಳೆ ಬಣ್ಣದಿಂದ ತುಂಬಿದ್ದ ಊರಿನಲ್ಲಿ ಬಹುಜನ ಮನೆಯಲ್ಲಿಯೇ ಕುಳಿತರು. ಸೋಲುವ ತಂಡವನ್ನು ಬಹಿಷ್ಕರಿಸುವುದು ಸುಲಭ. ಗೆಲ್ಲುತ್ತಿರುವ ತನ್ನ ತಂಡಕ್ಕೆ ಬೆನ್ನು ತಿರುಗಿಸಿ ಕುಳಿತವನ ಮನಸ್ಸನ್ನು ಊಹಿಸಬೇಕಾದವರು ಊಹಿಸಿಕೊಳ್ಳಲಿ.

ಕೊನೆಯ ಪೆಟ್ಟು ಬೇರೆಡೆಯಿಂದ ಬಂದಿತು. ಪಾಲುದಾರನಾದ ಬೆಲೊಕೊನ್ ಹೂಡಿದ್ದ ವ್ಯಾಜ್ಯದಲ್ಲಿ ೨೦೧೭ರ ನವೆಂಬರ್ ೬ರಂದು ಲಂಡನ್ನಿನ ಹೈಕೋರ್ಟು ತೀರ್ಪಿತ್ತಿತು. ಕ್ಲಬ್ಬಿನಿಂದ ಆಯ್ಸ್ಟನ್ ಮನೆತನದ ಕಂಪನಿಗಳಿಗೆ ೨ ಕೋಟಿ ೬೭ ಲಕ್ಷ ಪೌಂಡಿಗೂ ಹೆಚ್ಚು ಹಣ ಹೋಗಿದ್ದುದನ್ನು ವಿಚಾರಿಸಿ, ಮಾಲೀಕರು ಕ್ಲಬ್ಬನ್ನು ನ್ಯಾಯವಿರುದ್ಧವಾಗಿ ಬರಿದುಮಾಡಿದರೆಂದು ನ್ಯಾಯಮೂರ್ತಿ ಮಾರ್ಕಸ್ ಸ್ಮಿತ್ ಅಭಿಪ್ರಾಯಪಟ್ಟರು. ಬೆಲೊಕೊನನ ಪಾಲನ್ನು ೩ ಕೋಟಿ ೧೨ ಲಕ್ಷ ೭೦ ಸಾವಿರ ಪೌಂಡು ತೆತ್ತು ಕೊಳ್ಳಬೇಕೆಂದು ಆಜ್ಞಾಪಿಸಿದರು. ಆ ಹಣ ಪೂರ್ತಿಯಾಗಿ ಸಂದಾಯವಾಗಲಿಲ್ಲ. ತಿಂಗಳುಗಳು ಉರುಳಿದವು. ೨೦೧೯ರ ಜನವರಿಯಲ್ಲಿ ಲಂಡನ್ನಿನ ಆರ್ಸೆನಲ್ ತಂಡ ಕಪ್ ಪಂದ್ಯಕ್ಕೆಂದು ಬಂದಾಗ ಪ್ರತಿಭಟನೆಗಾರನೊಬ್ಬನು ಅವರ ಬಸ್ಸಿನ ಮೇಲೆ ಹತ್ತಿ ಕುಳಿತನು. ಮರುದಿನದ ಪತ್ರಿಕೆಗಳಲ್ಲಿ ಪಂದ್ಯಕ್ಕಿಂತ ಆ ಬಸ್ಸಿಗೇ ಹೆಚ್ಚು ಸ್ಥಳ ಸಿಕ್ಕಿತು. ಫೆಬ್ರವರಿಯಲ್ಲಿ ನ್ಯಾಯಾಲಯವು ರಿಸೀವರನನ್ನು ನೇಮಿಸಿ, ಹಳೆಯ ಆಡಳಿತವನ್ನು ಇಳಿಸಿತು.

ಹಾಗಾದರೆ ಗೆದ್ದವರು ಯಾರು? ನ್ಯಾಯಾಲಯವಲ್ಲದೆ ಅಭಿಮಾನಿಗಳಲ್ಲ ಎನ್ನುವವರುಂಟು. ಬೆಲೊಕೊನನು ಹೋರಾಡಿದುದು ತನ್ನ ಹಣಕ್ಕಾಗಿ. ಅವನು ವ್ಯಾಜ್ಯ ಹೂಡದಿದ್ದರೆ ಬರಿದು ಆಸನಗಳು ಇನ್ನೆಷ್ಟು ಕಾಲ ಬರಿದಾಗಿರುತ್ತಿದ್ದವೋ ಹೇಳಲಾಗದು. ಇದು ನಿಜ. ಆದರೆ ತೀರ್ಪಿನ ಹಣ ತೆರಬೇಕಾಗಿ ಬಂದಾಗ ಮಾಲೀಕನ ಕೈಯಲ್ಲಿದ್ದುದು ಬಾಗಿಲ ಹಣವಿಲ್ಲದ, ಕೊಳ್ಳುವವನು ಎರಡು ಬಾರಿ ಯೋಚಿಸುವ ಕ್ಲಬ್ಬು. ಆಸನಗಳು ತುಂಬಿದ್ದರೆ ಸಾಲಗಾರನು ಇನ್ನಷ್ಟು ಕಾಲ ತಡೆದು ನಿಲ್ಲಬಹುದಾಗಿತ್ತೆಂದು ನಾವು ತಿಳಿಯುತ್ತೇವೆ. ಅಲ್ಲದೆ, ನಾಲ್ಕು ವರ್ಷ ಆ ಕ್ಲಬ್ಬಿನ ಕಥೆ ಮರೆತುಹೋಗದಂತೆ ನೋಡಿಕೊಂಡವರು ವಕೀಲರಲ್ಲ.

ಜರ್ಮನಿಯಲ್ಲಿ ಇಂತಹ ಪ್ರಸಂಗ ಬರುವುದು ವಿರಳ. ಅಲ್ಲಿ ೧೯೯೮ರಿಂದ ಇರುವ ನಿಯಮದಂತೆ, ಕೆಲವು ಅಪವಾದಗಳು ಹೊರತು, ಕ್ಲಬ್ಬಿನ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅದರ ಸದಸ್ಯರ ಕೈಯಲ್ಲಿಯೇ ಇರತಕ್ಕದ್ದು. ಇಂಗ್ಲೆಂಡು ಆ ದಾರಿ ಹಿಡಿಯಲಿಲ್ಲ. ಅಭಿಮಾನಿಗಳ ದೂರುಗಳನ್ನು ವಿಚಾರಿಸಿ ೨೦೨೧ರಲ್ಲಿ ಟ್ರೇಸಿ ಕ್ರೌಚ್ ಅವರು ಒಪ್ಪಿಸಿದ ವರದಿಯನ್ನನುಸರಿಸಿ, ೨೦೨೫ರ ಜುಲೈಯಲ್ಲಿ ಶಾಸನವೊಂದು ಜಾರಿಗೆ ಬಂದು, ಕಾಲ್ಚೆಂಡಿಗೆ ಸ್ವತಂತ್ರ ನಿಯಂತ್ರಕನೊಬ್ಬನು ಏರ್ಪಟ್ಟಿರುವನು. ಮಾಲೀಕನ ಯೋಗ್ಯತೆಯನ್ನು ಪರೀಕ್ಷಿಸುವುದೂ, ಮುಖ್ಯ ವಿಷಯಗಳಲ್ಲಿ ಅಭಿಮಾನಿಗಳನ್ನು ಕೇಳಬೇಕೆಂದು ಕ್ಲಬ್ಬುಗಳಿಗೆ ವಿಧಿಸುವುದೂ ಆ ಅಧಿಕಾರದಲ್ಲಿ ಸೇರಿವೆ. ಕೇಳುವುದು ಬೇರೆ, ಕೇಳಿದಂತೆ ನಡೆಯುವುದು ಬೇರೆ. ಸರಕಾರಿ ಸಲಹಾಸಮಿತಿಗಳನ್ನು ಕಂಡಿರುವ ನಮ್ಮ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಳೆಯ ಆಡಳಿತ ಇಳಿದ ಮೇಲೆ ಅಭಿಮಾನಿಗಳು ಸ್ವಯಂಸೇವಕರಾಗಿ ಬಂದು ಮೈದಾನದ ಆಸನಗಳನ್ನು ತೊಳೆದರು. ೨೦೧೯ರ ಮಾರ್ಚ್ ೯ರಂದು ಸೌತ್ಎಂಡ್ ತಂಡದೊಡನೆ ನಡೆದ ಪಂದ್ಯಕ್ಕೆ ೧೫,೮೭೧ ಜನ ಸೇರಿದರು. ಎದುರಾಳಿ ಹೆಸರಾಂತ ತಂಡವಲ್ಲ, ಪಂದ್ಯವೂ ಹೆಸರಾಂತದ್ದಲ್ಲ, ೨-೨ರಲ್ಲಿ ಸಮನಾಯಿತು. ಅದೇ ಜೂನಿನಲ್ಲಿ ಬ್ಲ್ಯಾಕ್‌ಪೂಲಿನಲ್ಲಿಯೇ ಹುಟ್ಟಿ ಹಾಂಗ್‌ಕಾಂಗಿನಲ್ಲಿ ವ್ಯವಹಾರ ಮಾಡುತ್ತಿದ್ದ ಸೈಮನ್ ಸ್ಯಾಡ್ಲರ್ ಕ್ಲಬ್ಬನ್ನು ಕೊಂಡನು. ಆ ಬೇಸಗೆಯಲ್ಲಿ ಮತ್ತೆ ಸೀಸನ್ ಟಿಕೀಟು ಕೊಳ್ಳುವ ಸಮಯ ಬಂದಾಗ ಮನೆಮನೆಗಳಲ್ಲಿ ಎದ್ದುವು ಹಳೆಯ, ಸಣ್ಣ ಪ್ರಶ್ನೆಗಳು: ಈ ವರ್ಷ ದರವೆಷ್ಟು, ಹುಡುಗನಿಗೆ ರಿಯಾಯಿತಿ ಉಂಟೆ, ಹಿಂದೆ ಕುಳಿತಿದ್ದ ಸಾಲು ಸಿಕ್ಕೀತೆ, ಡಿಸೆಂಬರಿನಲ್ಲಿ ಐರಿಷ್ ಸಮುದ್ರದ ಕಡೆಯಿಂದ ಬೀಸುವ ಗಾಳಿ ಮಳೆ ಆ ಮೂಲೆಗೆ ಬಡಿಯುವುದೋ ಇಲ್ಲವೋ.